ಮೊದಲು ಜಾಗ, ಆಮೇಲೆ ಮನೆ

ಮಧುಗಿರಿ ಸೀಮೆಯ ಯಾವ ಗ್ರಾಮ ಪಂಚಾಯಿತಿ ಕಚೇರಿಯ ಮುಂದೆ ಹೋಗಿ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಈ ಸಲ ಎಷ್ಟು ಮನೆ ಬಂದವೆ ಸಾ?’ ಕೇಳುವವರು ಹೆಚ್ಚಾಗಿ ಹೆಂಗಸರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರೊಳಗೆ ಪಡಿತರ ಚೀಟಿ, ಆಧಾರ್, ಜಾತಿ ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್. ಸರ್ಕಾರ ಬಡವರಿಗೆ ಮನೆ ಕೊಡುವ ಕೆಲಸ ಶುರುಮಾಡಿ ಐವತ್ತು ವರ್ಷವಾಯಿತು. ಯೋಜನೆಯ ಹೆಸರು ಆರೇಳು ಸಲ ಬದಲಾಗಿದೆ. ಅವರ ಕೈಯ ಕವರು ಮಾತ್ರ ದಪ್ಪಗಾಗುತ್ತಲೇ ಇದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಕಂದಾಯ ಉಪವಿಭಾಗ. ತುಮಕೂರು ಜಿಲ್ಲೆ ಎಂದರೆ ತೆಂಗು ಅಡಿಕೆ ಎಂದುಕೊಂಡವರಿಗೆ ಇದು ಬೇರೆಯೇ ಸೀಮೆ. ಬಹುಪಾಲು ಶೇಂಗಾ, ರಾಗಿ, ಬಂಡೆಗುಡ್ಡ, ಮಳೆಗೆ ಕಾಯುವ ಕೆರೆ. 2002ರ ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ಪಾವಗಡ, ಮಧುಗಿರಿ, ಶಿರಾ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಿಂತವು. ಪರಿಶಿಷ್ಟ ಜಾತಿಯವರು, ನಾಯಕರು, ಕಾಡುಗೊಲ್ಲರು, ಭೋವಿಗಳು, ಲಂಬಾಣಿಗಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೊರಟಗೆರೆ ಮತ್ತು ಪಾವಗಡ ಎರಡೂ ಮೀಸಲು ವಿಧಾನಸಭಾ ಕ್ಷೇತ್ರಗಳು. ದುಡಿಮೆ ಸಿಗದ ತಿಂಗಳುಗಳಲ್ಲಿ ಮನೆಮಂದಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ ಬೇರೆಯವರ ಮಹಡಿ ಮನೆಗೆ ಇಟ್ಟಿಗೆ ಹೊತ್ತು, ರಾತ್ರಿ ಅದೇ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಊರಿಗೆ ಬಂದರೆ ಇರುವುದು ಅಣ್ಣತಮ್ಮಂದಿರೆಲ್ಲ ಹಂಚಿಕೊಂಡ ಒಂದಂಕಣದ ಮನೆ.

ಬಡವರಿಗೆ ವಸತಿ ನೆರವು ಎಂದಾಗಲೆಲ್ಲ ನಾವು ಸಹಾಯಧನ ಎಷ್ಟು, ಕಂತು ಬಂತೋ ಇಲ್ಲವೋ ಎಂದೇ ಚರ್ಚಿಸುತ್ತೇವೆ. ದುಡ್ಡು ಸಾಲದು ಎಂಬುದು ನಿಜ. ಆದರೆ ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ಕೊರತೆ ಪಾಯ ತೋಡುವ ಜಾಗದ್ದು, ಮತ್ತು ಆ ಜಾಗ ತನ್ನದೆಂದು ತೋರಿಸುವ ಕಾಗದದ್ದು. ಈಗಿರುವ ಯೋಜನೆಗಳಲ್ಲಿ ಮುಕ್ಕಾಲು ಪಾಲು, ಜಾಗ ಇದ್ದೂ ಮನೆ ಕಟ್ಟಲಾಗದ ಬಡವರಿಗೆ ನೆರವಾಗುತ್ತವೆ. ಜಾಗವೇ ಇಲ್ಲದ ಕಡುಬಡವರು ಅರ್ಜಿಯ ಹಂತದಲ್ಲೇ ಹೊರಗುಳಿಯುತ್ತಾರೆ.

ಹಿಂದೆ ಹೀಗಿರಲಿಲ್ಲ. ದೇವರಾಜ ಅರಸರ ಕಾಲದ ಜನತಾ ಮನೆಗಳನ್ನು ನೋಡಿ. ಊರ ಹೊರಗೆ ಸರ್ಕಾರಿ ಜಾಗ ಗುರುತಿಸಿ, ನಿವೇಶನ ಮಾಡಿ, ಸಾಲಾಗಿ ಮನೆ ಕಟ್ಟಿಸಿ ಕೊಟ್ಟರು. ಮನೆ ಸಣ್ಣದು, ಮಾಡು ತಗ್ಗು, ಒಳಗೆ ಒಂದೇ ಕೋಣೆ. ಆದರೂ ಜಾಗ ಮತ್ತು ಮನೆ ಜೊತೆಯಲ್ಲೇ ಕೈಗೆ ಬಂದವು. 1985ರಲ್ಲಿ ಕೇಂದ್ರದ ಇಂದಿರಾ ಆವಾಸ್ ಬಂತು, 1991–92ರಲ್ಲಿ ರಾಜ್ಯದ ಆಶ್ರಯ ಯೋಜನೆ ಬಂತು. ಇಂದಿಗೂ ಈ ಸೀಮೆಯ ಹಳ್ಳಿಗಳಲ್ಲಿ ಜನತಾ ಕಾಲೊನಿ, ಇಂದಿರಾ ಕಾಲೊನಿ, ಆಶ್ರಯ ಬಡಾವಣೆ ಎಂಬ ಕೇರಿಗಳು ಒಂದರ ಪಕ್ಕ ಒಂದು ಸಿಗುತ್ತವೆ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿ ಎಲ್ಲ ವಸತಿ ಯೋಜನೆಗಳೂ ಅದರ ಕೈಗೆ ಹೋದವು. ಆ ಹೊತ್ತಿನಿಂದ ಕೆಲಸದ ರೀತಿ ಬದಲಾಯಿತು. ಫಲಾನುಭವಿಯೇ ತನ್ನ ಜಾಗದಲ್ಲಿ ಮನೆ ಕಟ್ಟಿಕೊಳ್ಳಬೇಕು, ಸರ್ಕಾರ ಹಂತ ಹಂತವಾಗಿ ಖಾತೆಗೆ ಹಣ ಹಾಕುತ್ತದೆ. ಗುತ್ತಿಗೆದಾರರ ಕಳಪೆ ಕಾಮಗಾರಿ ತಪ್ಪಿತು, ಮನೆ ತಮಗೆ ಬೇಕಾದ ಹಾಗೆ ಕಟ್ಟಿಕೊಳ್ಳುವ ಸ್ವಾತಂತ್ರ್ಯ ಬಂತು. ಇದನ್ನು ನಾನು ಒಳ್ಳೆಯ ಬದಲಾವಣೆ ಎಂದೇ ಎಣಿಸುತ್ತೇನೆ. ಆದರೆ ಜಾಗದ ಹೊಣೆ ಸದ್ದಿಲ್ಲದೆ ಸರ್ಕಾರದ ಹೆಗಲಿನಿಂದ ಬಡವರ ಹೆಗಲಿಗೆ ಜಾರಿದ್ದೂ ಆಗಲೇ. ನಿವೇಶನ ಹಂಚುವ ಯೋಜನೆ ಕಡತದಲ್ಲಿ ಉಳಿದಿದೆ, ಅದರ ನಡಿಗೆ ಮಾತ್ರ ಬಹಳ ನಿಧಾನ.

ಈಗ ಚಾಲ್ತಿಯಲ್ಲಿರುವ ಯೋಜನೆಗಳನ್ನು ಒಮ್ಮೆ ನೋಡೋಣ. ಹಳ್ಳಿಯ ಸಾಮಾನ್ಯ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಬಡವರಿಗೆ ಬಸವ ವಸತಿ ಯೋಜನೆ, ನೆರವು 1.20 ಲಕ್ಷ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ಹಳ್ಳಿಯಲ್ಲಿ 1.75 ಲಕ್ಷ, ಪಟ್ಟಣದಲ್ಲಿ 2 ಲಕ್ಷ. ವಿಧವೆಯರು, ಅಂಗವಿಕಲರು, ಎಚ್‌ಐವಿ ಸೋಂಕಿತರು, ಕುಷ್ಠದಿಂದ ಗುಣವಾದವರು, ಅಲೆಮಾರಿಗಳು ಮುಂತಾದವರಿಗೆ ದೇವರಾಜ ಅರಸು ವಸತಿ ಯೋಜನೆ. ಪಟ್ಟಣದ ಬಡವರಿಗೆ ವಾಜಪೇಯಿ ನಗರ ವಸತಿ ಯೋಜನೆ. ಇವುಗಳ ಮೇಲೆ ಕೇಂದ್ರದ ಪ್ರಧಾನಮಂತ್ರಿ ಆವಾಸ್, 2015ರಿಂದ ಪಟ್ಟಣಕ್ಕೆ, 2016ರಿಂದ ಹಳ್ಳಿಗೆ. ರಾಜ್ಯದ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಹೆಂಗಸಿನ ಹೆಸರಿಗೇ ಮಂಜೂರಾಗುತ್ತದೆ. ಗಂಡ ಕುಡಿದು ಮನೆ ಮಾರುವ ಭಯವಿದ್ದ ಎಷ್ಟೋ ಸಂಸಾರಗಳನ್ನು ಈ ಒಂದು ನಿಯಮ ಉಳಿಸಿದೆ.

ಆವಾಸ್‌ನ ಆಯ್ಕೆಗೆ ಮೊದಲು 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿ ಆಧಾರವಾಗಿತ್ತು. ಅದರಲ್ಲಿ ಬಿಟ್ಟುಹೋದವರಿಗಾಗಿ 2018ರಲ್ಲಿ ಆವಾಸ್ ಪ್ಲಸ್ ಸಮೀಕ್ಷೆ, 2024ರಲ್ಲಿ ಮತ್ತೊಂದು ಸುತ್ತು ನಡೆಯಿತು. ಈ ಸುತ್ತಿನಲ್ಲಿ ನಿಯಮ ಸ್ವಲ್ಪ ಸಡಿಲವಾಯಿತು. ದ್ವಿಚಕ್ರ ವಾಹನವಿದೆ, ಫ್ರಿಡ್ಜ್ ಇದೆ ಎಂಬ ಕಾರಣಕ್ಕೆ ಹೆಸರು ತೆಗೆಯುವಂತಿಲ್ಲ, ತಿಂಗಳ ಆದಾಯದ ಮಿತಿಯೂ 10 ಸಾವಿರದಿಂದ 15 ಸಾವಿರಕ್ಕೆ ಏರಿತು. ಬೈಕ್ ಇಲ್ಲದಿದ್ದರೆ ಪಾವಗಡದ ಗಡಿಹಳ್ಳಿಯಿಂದ ಕೂಲಿಗೆ ಹೋಗುವುದಾದರೂ ಹೇಗೆ? ಆ ತಿದ್ದುಪಡಿ ತಡವಾಗಿಯಾದರೂ ಬಂದದ್ದು ಒಳ್ಳೆಯದಾಯಿತು.

ಇನ್ನು ದುಡ್ಡಿನ ಲೆಕ್ಕ. ಆವಾಸ್ ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಹೇಳುವುದಾದರೆ ಸುಮಾರು ಎರಡೂ ಮುಕ್ಕಾಲು ಚದರ. ಚದರಕ್ಕೆ ಒಂದೂವರೆ ಲಕ್ಷಕ್ಕೆ ಕಡಿಮೆ ಇಲ್ಲ ಎನ್ನುವ ಕಾಲ ಇದು. ಸಿಮೆಂಟ್ ಇಟ್ಟಿಗೆ, ಎಂ-ಸ್ಯಾಂಡ್, ಕಬ್ಬಿಣ, ಸೆಂಟ್ರಿಂಗ್ ಬಾಡಿಗೆ ಎಲ್ಲ ಸೇರಿ ನಾಲ್ಕು ಲಕ್ಷಕ್ಕೆ ಹೋಗುತ್ತದೆ. ನೆರವು 1.20 ಲಕ್ಷ, ಜೊತೆಗೆ ನರೇಗಾದಲ್ಲಿ 90 ದಿನದ ಕೂಲಿ, 2025–26ರಲ್ಲಿದ್ದ 370 ರೂಪಾಯಿ ದರದಲ್ಲಿ 33,300. ಶೌಚಾಲಯಕ್ಕೆ 12 ಸಾವಿರ. ಎಲ್ಲ ಕೂಡಿದರೆ 1,65,300. ಉಳಿದ ಎರಡೂ ಕಾಲು ಲಕ್ಷಕ್ಕೂ ಹೆಚ್ಚು ಹಣ ಸಂಸಾರದ ಕೈಯಿಂದ ಬರಬೇಕು. ಆವಾಸ್‌ನ 1.20 ಲಕ್ಷವನ್ನು ಗೊತ್ತು ಮಾಡಿದ್ದು 2016ರಲ್ಲಿ. 2024ರಿಂದ 2029ರವರೆಗಿನ ಎರಡನೇ ಸುತ್ತಿಗೂ ಅದೇ ಮೊತ್ತ. ಸಿಮೆಂಟು ಕಬ್ಬಿಣದ ಬೆಲೆ ಏರುತ್ತ ಹೋದರೂ ನೆರವು ಮಾತ್ರ ಎಂಟು ವರ್ಷ ಕಳೆದರೂ ಇದ್ದಲ್ಲೇ ನಿಂತದ್ದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಕೇರಳದ ಲೈಫ್ ಮಿಷನ್ ಒಂದು ಮನೆಗೆ 4 ಲಕ್ಷ ಕೊಡುತ್ತದೆ. ಮನೆ ಕಟ್ಟುವುದಕ್ಕೆ ನಿಜವಾಗಿ ಏನು ಬೇಕೋ ಅದರ ಹತ್ತಿರಕ್ಕೆ ಬರುವ ಮೊತ್ತ ಅದು.

ನಮ್ಮಲ್ಲಿ ಕೊಡುವ ಆ ಸಣ್ಣ ಹಣವೂ ಮೊದಲೇ ಬರುವುದಿಲ್ಲ. ರಾಜ್ಯದ ಯೋಜನೆಯಲ್ಲಿ ವರ್ಕ್ ಆರ್ಡರ್ ಕೈಗೆ ಬಂದ ಮೇಲೆ ಸ್ವಂತ ಖರ್ಚಿನಲ್ಲಿ ಪಾಯ ಹಾಕಬೇಕು. ಆಮೇಲೆ ಪಂಚಾಯಿತಿಯವರು ಮೊಬೈಲ್ ಹಿಡಿದು ಬರುತ್ತಾರೆ. ‘ಅಮ್ಮಾ, ಪಾಯದ ಮುಂದೆ ನಿಂತ್ಕೋ, ಇನ್ನೊಂಚೂರು ಈಚೆಗೆ ಬಾ, ಮುಖ ಕಾಣ್ಬೇಕು.’ ಸೆರಗು ಸರಿಮಾಡಿಕೊಂಡು ಆಕೆ ನಿಲ್ಲುತ್ತಾಳೆ. ಫೋಟೊದ ಜೊತೆ ಆ ಜಾಗದ ಅಕ್ಷಾಂಶ ರೇಖಾಂಶವೂ ನಿಗಮಕ್ಕೆ ಹೋಗುತ್ತದೆ. ಗುಡ್ಡದ ಮರೆಯ ಹಟ್ಟಿಯಾದರೆ ನೆಟ್‌ವರ್ಕ್ ಸಿಗುವವರೆಗೆ ಎಲ್ಲರೂ ಕಾಯಬೇಕು. ಗೋಡೆ ಎದ್ದಾಗ ಮತ್ತೆ ಒಂದು ಫೋಟೊ, ಮೋಲ್ಡ್ ಹಾಕಿದಾಗ ಒಂದು, ಬಾಗಿಲು ಕಿಟಕಿ ಕೂರಿಸಿ ಬಣ್ಣ ಬಳಿದ ಮೇಲೆ ಕೊನೆಯದು. ಪ್ರತಿ ಫೋಟೊ ಆದ ಮೇಲೆ ‘ಬಿಲ್ ಆಯ್ತಾ?’ ಎಂದು ಕೇಳುತ್ತ ಪಂಚಾಯಿತಿಗೆ ಅಲೆದಾಟ. ಬೋಗಸ್ ಮನೆಗಳನ್ನು ತಡೆಯಲು ಈ ಏರ್ಪಾಡು ಬೇಕು, ಅದನ್ನು ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಫೋಟೊ ಹೋದ ಮೇಲೆ ಹಣ ಎಷ್ಟು ದಿನದೊಳಗೆ ಬರಬೇಕು ಎಂಬುದಕ್ಕೂ ಅಷ್ಟೇ ಬಿಗಿಯಾದ ಕಟ್ಟಳೆ ಇರಬೇಕಲ್ಲವೇ? ಬೋಗಸ್ ಮನೆ ಪತ್ತೆಮಾಡುವ ಹೆಸರಿನಲ್ಲಿ ಹಣ ತಡೆಹಿಡಿದಾಗಲೆಲ್ಲ ಪ್ರಾಮಾಣಿಕವಾಗಿ ಗೋಡೆ ಎಬ್ಬಿಸಿದವರ ಮನೆಯೇ ನಿಂತುಹೋಗುತ್ತದೆ. ಮಧುಗಿರಿಯಿಂದ ಪಾವಗಡದ ಕಡೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಾಚೆ ಕಣ್ಣು ಹಾಯಿಸಿದರೆ ಸಾಕು, ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳು, ತುಕ್ಕು ಹಿಡಿದ ಕಂಬಿಗಳು, ಒಳಗೆ ಬೆಳೆದ ಜಾಲಿ ಗಿಡ ಕಾಣುತ್ತವೆ. ಅದೇ ಗೋಡೆಗೆ ಒರಗಿಸಿ ತಗಡು ಹೊದಿಸಿಕೊಂಡು ಸಂಸಾರ ನಡೆಯುತ್ತಿರುತ್ತದೆ.

ನಡುವಿನ ಅಂತರ ತುಂಬುವುದು ಸಂಘದ ಸಾಲ, ಫೈನಾನ್ಸಿನ ಸಾಲ, ಒಡವೆ ಅಡಮಾನ. ವಾರದ ಕಂತು ಕಟ್ಟಲಾಗದೆ ಹೊಸ ಮನೆಗೆ ಬೀಗ ಹಾಕಿ ಬೆಂಗಳೂರು ಸೇರಿದವರಿದ್ದಾರೆ. ಬಲವಂತದ ವಸೂಲಿ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಮನೆಯ ಬಾಗಿಲಿಗೆ ಬಂದು ಕೂಗಾಡುವುದಕ್ಕೆ ಅದರಿಂದ ತಡೆ ಬಿದ್ದೀತು, ಸಾಲ ಮಾಡಬೇಕಾದ ಪ್ರಸಂಗಕ್ಕೆ ಬೀಳದು. ಪಾಯದ ಹಂತಕ್ಕೆ ಮುಂಗಡ ಕೊಡುವುದು, ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಣ್ಣ ಗೃಹಸಾಲ ಕೊಡಿಸುವುದು, ಇವೆರಡೂ ಸರ್ಕಾರದ ಕೈಯಲ್ಲೇ ಇರುವ ಕೆಲಸ.

ಇಷ್ಟೆಲ್ಲ ಪಾಡು ಪಡುವವರು ಕೂಡ ಒಂದು ಅರ್ಥದಲ್ಲಿ ಮುಂದಿರುವವರು, ಅವರಿಗೆ ಜಾಗವಿದೆ. ಪಂಚಾಯಿತಿ ಕಚೇರಿಯಲ್ಲಿ ಎರಡು ಪಟ್ಟಿ ಇರುತ್ತದೆ. ಒಂದು ವಸತಿರಹಿತರದು, ಇನ್ನೊಂದು ನಿವೇಶನರಹಿತರದು. ಮೊದಲ ಪಟ್ಟಿ ಒಂದಷ್ಟು ಕರಗುತ್ತದೆ. ಎರಡನೆಯದು ವರ್ಷ ವರ್ಷಕ್ಕೂ ಬೆಳೆಯುತ್ತದೆ, ಏಕೆಂದರೆ ಮನೆಗೆ ಅರ್ಜಿ ಹಾಕಬೇಕಾದರೆ ಇ-ಸ್ವತ್ತಿನ ನಮೂನೆ ಬೇಕು, ಇಲ್ಲವೇ ಹಕ್ಕುಪತ್ರ ಬೇಕು.

ಕಾಡುಗೊಲ್ಲರ ಹಟ್ಟಿಗಳ ಕಥೆ ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ಶಿರಾ, ಮಧುಗಿರಿ, ಪಾವಗಡಗಳಲ್ಲಿ ಗೊಲ್ಲರಹಟ್ಟಿಗಳು ಬಹಳ. ಕುರಿ ಮೇಯಿಸುವ ಜನ ಊರಿಂದ ದೂರ ಬಯಲಿನಲ್ಲಿ ಮುಳ್ಳುಬೇಲಿ ಹಾಕಿಕೊಂಡು ನೆಲೆನಿಂತರು. ತಲೆಮಾರುಗಳು ಕಳೆದವು, ಮಕ್ಕಳು ಮೊಮ್ಮಕ್ಕಳಾದರು, ಮತದಾರರ ಪಟ್ಟಿಗೆ ಹೆಸರು ಬಂತು, ಕರೆಂಟು ಕಂಬವೂ ಬಂತು. ಕಂದಾಯ ದಾಖಲೆಯಲ್ಲಿ ಮಾತ್ರ ಆ ನೆಲ ಗೋಮಾಳವಾಗಿಯೋ ಇನ್ಯಾರದೋ ಹಿಡುವಳಿಯಾಗಿಯೋ ಉಳಿಯಿತು. ಗ್ರಾಮಠಾಣಾ ಅಲ್ಲದ ಕಾರಣ ಖಾತೆ ಇಲ್ಲ, ಖಾತೆ ಇಲ್ಲದ ಕಾರಣ ಮನೆ ಇಲ್ಲ. ಲಂಬಾಣಿ ತಾಂಡಾಗಳದೂ ವಡ್ಡರಹಟ್ಟಿಗಳದೂ ಇದೇ ಪಾಡು.

ಇದಕ್ಕೆ ಪರಿಹಾರವಾಗಿ 2016–17ರಲ್ಲಿ ಬಂದ ತಿದ್ದುಪಡಿಗಳನ್ನು ಕರ್ನಾಟಕದ ವಸತಿ ಚರಿತ್ರೆಯ ದೊಡ್ಡ ಹೆಜ್ಜೆಗಳಲ್ಲಿ ಒಂದೆಂದು ನಾನು ತಿಳಿಯುತ್ತೇನೆ. ಆಗ ಕಂದಾಯ ಸಚಿವರಾಗಿದ್ದವರು ಕಾಗೋಡು ತಿಮ್ಮಪ್ಪ. ಕಾಗೋಡು ಸತ್ಯಾಗ್ರಹದ ನೆಲದಿಂದ ಬಂದ ಅವರಿಗೆ ನೆಲದ ಹಕ್ಕಿನ ಬೆಲೆ ಗೊತ್ತಿತ್ತು. ‘ವಾಸಿಸುವವನೇ ಮನೆಯೊಡೆಯ’ ಎಂಬ ಮಾತು ಆಗ ಮನೆಮಾತಾಯಿತು. ಭೂಸುಧಾರಣಾ ಕಾಯ್ದೆಗೆ 38ಎ, ಭೂಕಂದಾಯ ಕಾಯ್ದೆಗೆ 94ಡಿ ಸೇರಿ, ದಾಖಲೆಯಿಲ್ಲದ ಹಟ್ಟಿ, ತಾಂಡಾ, ಹಾಡಿ, ಪಾಳ್ಯ, ದೊಡ್ಡಿಗಳನ್ನು ಕಂದಾಯ ಗ್ರಾಮ ಮಾಡಿ ವಾಸದವರಿಗೆ ಹಕ್ಕುಪತ್ರ ಕೊಡಲು ದಾರಿಯಾಯಿತು. ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ ಇವೆ. 2025ರ ಮೇ 20ರಂದು ಹೊಸಪೇಟೆಯ ಸಮಾವೇಶದಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಕೊಟ್ಟಿತು. ಕೆಲಸ ನಡೆಯುತ್ತಿದೆ. ಆದರೆ ಹಟ್ಟಿಯೊಂದು ಕಂದಾಯ ಗ್ರಾಮವಾಗಿ, ಸರ್ವೆಯಾಗಿ, ಹಕ್ಕುಪತ್ರ ನೋಂದಣಿಯಾಗಿ, ಪಂಚಾಯಿತಿಯಲ್ಲಿ ಇ-ಸ್ವತ್ತು ಆಗುವವರೆಗೆ ನಾಲ್ಕು ಇಲಾಖೆಯ ಬಾಗಿಲು ದಾಟಬೇಕು. ಯಾವ ಬಾಗಿಲಲ್ಲಿ ನಿಂತರೂ ವಸತಿ ಯೋಜನೆ ಅವರಿಗೆ ಮುಟ್ಟುವುದಿಲ್ಲ. ಹಕ್ಕುಪತ್ರ ಕೊಟ್ಟ ದಿನವೇ ಆ ಕುಟುಂಬದ ಹೆಸರು ವಸತಿರಹಿತರ ಪಟ್ಟಿಗೆ ತಾನಾಗಿ ಸೇರುವಂತೆ ಮಾಡಿದರೆ ಅರ್ಧ ಅಲೆದಾಟ ತಪ್ಪುತ್ತದೆ.

ಹಟ್ಟಿಯವರಿಗೆ ನೆಲದ ಮೇಲೆ ಒಂದು ಸೂರಾದರೂ ಇದೆ. ಅದೂ ಇಲ್ಲದವರು ಕೂಲಿಯವರು. ಪಾವಗಡದ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ರೈತರಿಂದ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಕೊಡಲು ಆರಂಭಿಸಿ ಆಗಾಗ ಏರಿಸುತ್ತ ಬಂದದ್ದು ಮೆಚ್ಚಬೇಕಾದ ಏರ್ಪಾಡು. ಬರಗಾಲದ ಸೀಮೆಯ ಜಮೀನ್ದಾರನಿಗೆ ಅದು ಖಾತರಿಯ ಆದಾಯ. ಆದರೆ ಆ ಜಮೀನಿನಲ್ಲಿ ಶೇಂಗಾ ಕಿತ್ತು, ಕಳೆ ತೆಗೆದು ಬದುಕುತ್ತಿದ್ದ ಭೂರಹಿತ ಕೂಲಿಯವರಿಗೆ ಗುತ್ತಿಗೆಯ ಪಾಲು ಬರಲಿಲ್ಲ, ಕೂಲಿಯೂ ಹೋಯಿತು. ಇಷ್ಟು ದೊಡ್ಡ ನೆಲ ಒಂದೇ ಉದ್ದೇಶಕ್ಕೆ ಕೈಸೇರಿಸಲು ಆಡಳಿತಕ್ಕೆ ಸಾಧ್ಯವಾಯಿತು. ಅದೇ ಹೋಬಳಿಯ ನಿವೇಶನರಹಿತರಿಗೆ 30×40ರ ಜಾಗ ಕೊಡಲು ಕೆಲವು ಎಕರೆ ಹುಡುಕುವುದು ಅಸಾಧ್ಯವಾಗಿರಲಾರದು.

ಪಾವಗಡದವರಿಗೆ ಈ ಮಾತು ಇನ್ನೊಂದು ಕಾರಣಕ್ಕೂ ಚುಚ್ಚುತ್ತದೆ. ತಾಲ್ಲೂಕಿನ ಸುತ್ತಲೂ ಹೆಚ್ಚುಕಡಿಮೆ ಆಂಧ್ರವೇ. ಬೀಗತನ, ಸಂತೆ, ಮಾತು ಎಲ್ಲ ಗಡಿಯ ಎರಡೂ ಕಡೆ ಬೆರೆತಿವೆ. ಮಡಕಶಿರಾ ಕಡೆಯ ನೆಂಟರ ಮನೆಗೆ ಹೋದವರು ಅಲ್ಲಿನ ಹೊಸ ಬಡಾವಣೆಗಳನ್ನು ನೋಡಿ ಬರುತ್ತಾರೆ. 2020ರ ಡಿಸೆಂಬರ್ 25ರಂದು ಆಂಧ್ರ ಸರ್ಕಾರ ಸುಮಾರು 30 ಲಕ್ಷ ನಿವೇಶನಗಳನ್ನು ಹೆಂಗಸರ ಹೆಸರಿಗೆ ಹಂಚಲು ಶುರುಮಾಡಿತು, ಹಳ್ಳಿಯಲ್ಲಿ ಒಂದೂವರೆ ಸೆಂಟು, ಪಟ್ಟಣದಲ್ಲಿ ಒಂದು ಸೆಂಟು. ಜಾಗ ತೀರಾ ಚಿಕ್ಕದು, ಎಷ್ಟೋ ಕಡೆ ಊರಿಂದ ದೂರ ಎಂಬ ಟೀಕೆ ನ್ಯಾಯವಾದದ್ದೇ. ಆದರೆ ಅಲ್ಲಿ ಮೊದಲು ಕೈಗೆ ಬಂದದ್ದು ಪಟ್ಟಾ, ಆಮೇಲೆ ಮನೆಯ ಮಾತು. ಆ ಕ್ರಮವನ್ನು ನಾವು ಕಲಿಯಬೇಕು, ಅಳತೆಯನ್ನಲ್ಲ.

ಇನ್ನು ಆಯ್ಕೆಯ ವಿಚಾರ. ಕಾನೂನಿನಂತೆ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ವಾಡಿಕೆಯಲ್ಲಿ ‘ಮೆಂಬರಿಗೆ ಇಷ್ಟು ಮನೆ’ ಎಂದು ಹಂಚಿಕೆಯಾಗಿ, ಪಟ್ಟಿ ಮೊದಲೇ ಸಿದ್ಧವಾಗಿ, ಸಭೆಯಲ್ಲಿ ಓದಿ ಸಹಿ ಹಾಕಿಸುವುದೇ ಹೆಚ್ಚು. ಎದುರಾಳಿ ಗುಂಪಿಗೆ ಓಟು ಹಾಕಿದ ಕೇರಿ ಐದು ವರ್ಷ ಕಾಯುತ್ತದೆ. ದುಡ್ಡು ಕೊಟ್ಟವರ ಹೆಸರು ಮೇಲೇರುತ್ತದೆ ಎಂಬ ಗುಮಾನಿ ಹಳ್ಳಿಗಳಲ್ಲಿ ಹಳೆಯದು. 2025ರ ಜೂನ್‌ನಲ್ಲಿ ಆಡಳಿತ ಪಕ್ಷದವರೇ ಆದ ಆಳಂದದ ಶಾಸಕ ಬಿ.ಆರ್. ಪಾಟೀಲರು ನಿಗಮದ ಮನೆಗಳ ಹಂಚಿಕೆಯಲ್ಲಿ ಲಂಚ ನಡೆಯುತ್ತಿದೆ ಎಂದು ಆರೋಪಿಸಿದಾಗ ರಾಜ್ಯವೇ ಆ ಬಗ್ಗೆ ಮಾತಾಡಿತು. ಒಂಟಿ ಹೆಂಗಸು, ಮುದುಕಿ, ಅಂಗವಿಕಲ ಮಗನಿರುವ ತಾಯಿ, ಇವರು ಸಭೆಗೆ ಬಂದರೂ ಹಿಂದೆ ಕೂರುತ್ತಾರೆ, ಅವರ ಪರವಾಗಿ ಎದ್ದು ಮಾತಾಡುವವರು ಇರುವುದಿಲ್ಲ. ಪಾವಗಡದ ರಾಮಕೃಷ್ಣ ಸೇವಾಶ್ರಮದಂಥ ಸಂಸ್ಥೆಗಳು ವರ್ಷಗಳಿಂದ ಕುಷ್ಠ, ಕ್ಷಯ ರೋಗಿಗಳ ನಡುವೆ ಕೆಲಸ ಮಾಡುತ್ತ ಬಂದಿವೆ. ದೇವರಾಜ ಅರಸು ಯೋಜನೆಗೆ ನಿಜವಾಗಿ ಯಾರು ಅರ್ಹರು ಎಂದು ಇಂಥವರನ್ನು ಕೇಳಿದರೆ ಪಟ್ಟಿ ಬೇರೆಯೇ ಆದೀತು.

ಪಡಿತರ ಚೀಟಿಯ ತೊಡಕೂ ಇದೆ. ಮೂವರು ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡು ಹತ್ತು ವರ್ಷವಾಗಿದ್ದರೂ ಚೀಟಿ ತಾಯಿಯ ಹೆಸರಿನಲ್ಲಿ ಒಂದೇ. ಆ ತಾಯಿಗೆ ಹಿಂದೆ ಆಶ್ರಯ ಮನೆ ಬಂದಿದ್ದರೆ ‘ಈ ಕುಟುಂಬ ಈಗಾಗಲೇ ಸೌಲಭ್ಯ ಪಡೆದಿದೆ’ ಎಂದು ಅರ್ಜಿ ಬಿದ್ದುಹೋಗುತ್ತದೆ. ಆ ಹಳೆಯ ಮನೆಯ ಮಾಡು ಸೋರುತ್ತಿರುತ್ತದೆ, ರಿಪೇರಿಗೆ ಯಾವ ಯೋಜನೆಯೂ ಸರಿಯಾಗಿ ಒದಗುವುದಿಲ್ಲ.

ಮನೆ ಬಿದ್ದಾಗಲಷ್ಟೇ ಸರ್ಕಾರಕ್ಕೆ ಎಚ್ಚರವಾಗುತ್ತದೆ. 2021 ಮತ್ತು 2022ರ ಮಳೆಯಲ್ಲಿ ರಾಜ್ಯದ ತುಂಬ ಮಣ್ಣಿನ ಮನೆಗಳು ನೆನೆದು ಕುಸಿದವು. ಆಗ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ, ಭಾಗಶಃ ಹಾನಿಗೆ 3 ಲಕ್ಷ, ಅಲ್ಪ ಹಾನಿಗೆ 50 ಸಾವಿರ ಎಂದು ಗೊತ್ತು ಮಾಡಿತ್ತು. ಕೇಂದ್ರದ ಮಾನದಂಡ ಅದಕ್ಕಿಂತ ಬಹಳ ಕಡಿಮೆ. ಮೂರು ವರ್ಗಗಳಲ್ಲಿ ಯಾವುದಕ್ಕೆ ಸೇರಿಸುತ್ತಾರೆ ಎಂಬುದರ ಮೇಲೆ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿರುತ್ತದೆ. ಮನೆ ಬಿದ್ದ ದಿನವೇ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ, ಮಹಜರು ಆಗುವವರೆಗೆ ಬಿದ್ದ ಮಣ್ಣನ್ನು ತೆಗೆಯದೆ ಫೋಟೊ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

ಮಣ್ಣಿನ ಮನೆ ಬಿದ್ದಿತು ಎಂದ ಮಾತ್ರಕ್ಕೆ ಮಣ್ಣೇ ಕೆಟ್ಟದ್ದು ಎನ್ನಲಾಗದು. ಪಾವಗಡ, ಮಧುಗಿರಿ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ಜಂತಿಯ ಮೇಲೆ ಸೊಪ್ಪು ಹಾಸಿ, ಮಣ್ಣು ತುಂಬಿ, ಮೇಲೆ ಚೌಳು ಮಣ್ಣು ಹರಡುತ್ತಿದ್ದರು. ಏಪ್ರಿಲ್ ಬಿಸಿಲಲ್ಲೂ ಒಳಗೆ ತಂಪು. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಮಣ್ಣು ಹಾಕುವ ಕೆಲಸ ನಿಂತಾಗ ಸೋರಲು ಶುರುವಾಯಿತು. ಅದರ ಬದಲಿಗೆ ಬಂದ ಶೀಟಿನ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಕೂರಲಾಗದು. ಜನ ಬೇವಿನ ಮರದ ಕೆಳಗೆ ಕೂತು ಹೊತ್ತು ಕಳೆಯುತ್ತಾರೆ. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಕೇಂದ್ರ 1970ರ ದಶಕದಲ್ಲೇ ಕೆಲಸ ಶುರುಮಾಡಿತ್ತು. ಪ್ರೊ. ಎ.ಕೆ.ಎನ್. ರೆಡ್ಡಿ ಅದನ್ನು ಕಟ್ಟಿದವರು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ತುಸು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಸೌದೆ ಬೇಡ, ದೂರದಿಂದ ಲಾರಿಯಲ್ಲಿ ತರಿಸಬೇಕಿಲ್ಲ, ಊರಿನ ಮಣ್ಣು ಊರಿನವರ ಕೂಲಿ. ಅಷ್ಟು ಹತ್ತಿರ ಹುಟ್ಟಿದ ತಿಳಿವಳಿಕೆ ಮಧುಗಿರಿ ಸೀಮೆಯ ಸರ್ಕಾರಿ ಮನೆಗಳಿಗೆ ಬರದೇ ಹೋದದ್ದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ. ಒಂದೊಂದು ತಾಲ್ಲೂಕಿಗೆ ಇಟ್ಟಿಗೆ ಒತ್ತುವ ಎರಡು ಯಂತ್ರ, ತರಬೇತಿ ಪಡೆದ ಹತ್ತು ಮಂದಿ ಮೇಸ್ತ್ರಿಗಳು, ಇಷ್ಟಿದ್ದರೆ ನಾಲ್ಕು ಲಕ್ಷದ ಲೆಕ್ಕದಲ್ಲಿ ಗಣನೀಯ ಹಣ ಉಳಿಯುತ್ತದೆ. ಸ್ವಸಹಾಯ ಸಂಘಗಳಿಗೆ ಇದೊಂದು ಕೆಲಸವೂ ಆಗುತ್ತದೆ.

ಪಟ್ಟಣಗಳ ಮಾತು ಚಿಕ್ಕದು, ಏಕೆಂದರೆ ಅಲ್ಲಿ ಆಗಿರುವುದೇ ಕಡಿಮೆ. ಶಿರಾ ನಗರಸಭೆ, ಮಧುಗಿರಿ ಮತ್ತು ಪಾವಗಡದ ಪುರಸಭೆ, ಕೊರಟಗೆರೆ ಪಟ್ಟಣ ಪಂಚಾಯಿತಿ, ಎಲ್ಲ ಕಡೆಯೂ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ನಿವೇಶನ ಹಂಚಬೇಕು. ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳಲ್ಲಿ ಫಲಾನುಭವಿಯ ವಂತಿಗೆಯ ದೊಡ್ಡ ಭಾಗವನ್ನು ತಾನೇ ಭರಿಸಿ, ಅವರಿಂದ 1 ಲಕ್ಷ ಮಾತ್ರ ಪಡೆಯುವ ತೀರ್ಮಾನವನ್ನು ರಾಜ್ಯ ಸರ್ಕಾರ ಮಾಡಿ, 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಸ್ತಾಂತರಿಸಿತು. ಸಣ್ಣ ಪಟ್ಟಣಗಳ ನಿಜವಾದ ಕೊರತೆ ಬಾಡಿಗೆ ಮನೆ. ಗಾರ್ಮೆಂಟ್ಸ್‌ಗೆ ಹೋಗುವ ಹುಡುಗಿಯರು, ಮಕ್ಕಳ ಓದಿಗಾಗಿ ಹಳ್ಳಿ ಬಿಟ್ಟ ತಾಯಂದಿರು, ವಸಂತನರಸಾಪುರದ ಕಾರ್ಖಾನೆಗಳಿಗೆ ಓಡಾಡುವ ಕೊರಟಗೆರೆ, ಶಿರಾದ ಯುವಕರು, ಇವರಿಗೆ ಸ್ವಂತ ಮನೆ ಈಗಲೇ ಬೇಕಿಲ್ಲ, ಕೈಗೆಟಕುವ ಬಾಡಿಗೆಯ ಕೋಣೆ ಬೇಕು. 2024ರ ಸೆಪ್ಟೆಂಬರ್‌ನಿಂದ ಜಾರಿಗೆ ಬಂದ ನಗರ ಆವಾಸ್‌ನ ಎರಡನೇ ಆವೃತ್ತಿಯಲ್ಲಿ ಬಾಡಿಗೆ ವಸತಿಗೂ ಅವಕಾಶವಿದೆ. ಅದನ್ನು ಕೇಳಿ ತರುವ ಕೆಲಸ ಈ ನಾಲ್ಕು ಸ್ಥಳೀಯ ಸಂಸ್ಥೆಗಳದು.

ಈಗಲೇ ನೆರವು ಬೇಕಾದವರು ಎಲ್ಲಿಂದ ಶುರುಮಾಡಬೇಕು? ಜಾಗವಿದ್ದರೆ ಮೊದಲು ಇ-ಸ್ವತ್ತು ಮಾಡಿಸಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಕಂತು ನಿಲ್ಲುವ ಪ್ರಕರಣಗಳಲ್ಲಿ ಎಷ್ಟೋ ಇಲ್ಲೇ ಸಿಕ್ಕಿಕೊಂಡಿರುತ್ತವೆ. ವಾರ್ಡ್ ಸಭೆಯಲ್ಲಿ ಹೆಸರು ಬರೆಸಿ, ಗ್ರಾಮಸಭೆಯ ನಡಾವಳಿಯ ನಕಲನ್ನು ಮಾಹಿತಿ ಹಕ್ಕಿನಲ್ಲಾದರೂ ಪಡೆಯಬೇಕು. ಮನೆ ಮಂಜೂರಾದವರು ತಮ್ಮ ಸಂಕೇತ ಸಂಖ್ಯೆ ಬರೆದಿಟ್ಟುಕೊಂಡರೆ ನಿಗಮದ ಜಾಲತಾಣದಲ್ಲಿ ಕಂತಿನ ಸ್ಥಿತಿ ಕಾಣುತ್ತದೆ. ಪಂಚಾಯಿತಿ ಮೇಲೆ ದೂರಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಬರೆದುಕೊಡಬೇಕು. ನಾಲ್ಕೂ ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. 1987ರ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100. ಈ ಸೌಲಭ್ಯ ಬಳಸುವವರು ಬಹಳ ಕಡಿಮೆ, ಹಕ್ಕುಪತ್ರದ ತಕರಾರುಗಳಲ್ಲಿ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಜಾಗವೇ ಇಲ್ಲದವರು ಒಬ್ಬೊಬ್ಬರಾಗಿ ಅಲೆಯುವುದಕ್ಕಿಂತ ಕೇರಿಯವರೆಲ್ಲ ಸೇರಿ ಅರ್ಜಿ ಕೊಡುವುದು ಮೇಲು. ಊರಿನ ಸರ್ವೆ ನಂಬರುಗಳಲ್ಲಿ ಗೋಮಾಳ, ಖರಾಬು, ಸರ್ಕಾರಿ ಜಮೀನು ಎಲ್ಲಿದೆ ಎಂದು ಪಹಣಿ ತೆಗೆಸಿ ನೋಡಿ, ಆ ನಂಬರನ್ನು ಅರ್ಜಿಯಲ್ಲೇ ಬರೆದು, ನಿವೇಶನಕ್ಕೆ ಕಾಯ್ದಿರಿಸಬೇಕೆಂದು ತಹಶೀಲ್ದಾರರಿಗೆ ಕೇಳಬೇಕು. ಸರ್ಕಾರಿ ಜಮೀನು ಇಲ್ಲವೆಂದರೆ ಖಾಸಗಿ ಜಮೀನು ಕೊಂಡು ಹಂಚುವ ಅವಕಾಶವೂ ನಿಯಮದಲ್ಲಿದೆ. ಗ್ರಾಮಸಭೆಯಲ್ಲಿ ಅದೇ ವಿಷಯಕ್ಕೆ ನಿರ್ಣಯ ಮಾಡಿಸಿ, ನಿರ್ಣಯದ ನಕಲನ್ನೂ ಅರ್ಜಿಯ ನಕಲನ್ನೂ ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಸಹಿ, ಮೊಹರು, ದಿನಾಂಕ ಮೂರೂ ಇರುವ ಆ ಸ್ವೀಕೃತಿ ಮುಂದೆ ಮೇಲ್ಮನವಿಗೂ ನ್ಯಾಯಾಲಯಕ್ಕೂ ಬೇಕಾಗುತ್ತದೆ.